ನಾವೇ ಬರೆದ ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಶನ್‌ಗಳಿಗೆ ಒಂದು ಉಗ್ರಾಣ: ಕೋಲಾರದಿಂದ ಸಮಗ್ರ ಮಾರ್ಗದರ್ಶಿ

ಒಂದು ಪಹಣಿಯಲ್ಲಿ 1 ಎಕರೆ 25 ಗುಂಟೆ. ಇನ್ನೊಂದರಲ್ಲೂ 1 ಎಕರೆ 25 ಗುಂಟೆ. ಎರಡೂ ಸೇರಿದರೆ ಎಷ್ಟು? ಕೋಲಾರದ ಯಾವ ರೈತರನ್ನು ಕೇಳಿದರೂ ಮೂರು ಎಕರೆ ಹತ್ತು ಗುಂಟೆ ಅಂತ ಥಟ್ಟನೆ ಹೇಳುತ್ತಾರೆ. ಅದನ್ನು 1.25 ಅಂತ ಬರೆದಿಟ್ಟುಕೊಂಡ ಡೇಟಾಬೇಸ್ ಮಾತ್ರ ಕೂಡಿಸಿ 2.50 ಅನ್ನುತ್ತದೆ. 40 ಗುಂಟೆಗೆ ಒಂದು ಎಕರೆ ಅನ್ನೋದು ಪಾಪ ಅದಕ್ಕೇನು ಗೊತ್ತು?

ಇದನ್ನು ಸರಿಮಾಡುವ ಫಂಕ್ಷನ್ ನಾನು ಬರೆದಿದ್ದೆ. ಮಾಲೂರಿನ ಗೆಳೆಯನೊಬ್ಬನೂ ಬರೆದಿದ್ದ. ಮುಳಬಾಗಿಲಿನಲ್ಲಿ ಸೊಸೈಟಿ ಸಾಲದ ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡುವ ಮೇಡಂ ಒಬ್ಬರೂ ಬರೆದಿದ್ದರು. ಮೂರೂ ಬೇರೆ ಬೇರೆ. ನನ್ನದರಲ್ಲಿ ಆಣೆ ಲೆಕ್ಕ ಇರಲಿಲ್ಲ (ಗುಂಟೆಗೆ 16 ಆಣೆ). ಗೆಳೆಯನದು 1.45 ಕೊಟ್ಟರೂ ಸುಮ್ನೆ ನುಂಗಿಕೊಳ್ಳುತ್ತಿತ್ತು. ಮೇಡಂ ಬರೆದದ್ದು ಚೆನ್ನಾಗಿತ್ತು, ಆದರೆ ಅದು ಅವರ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಬಂದೇ ಇರಲಿಲ್ಲ.

ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ಗೆ ಇಂಥ ಫಂಕ್ಷನ್‌ಗಳನ್ನು ಕಟ್ಟಿ ಸೇರಿಸುವ ಪೊಟ್ಟಣಕ್ಕೆ ಎಕ್ಸ್‌ಟೆನ್ಶನ್ ಅನ್ನುತ್ತಾರೆ. ಇಂಥ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಒಂದು ಕಡೆ ಇಟ್ಟು ಎಲ್ಲರೂ ಬಳಸುವ ಹಾಗೆ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ನಾವು ಇದಕ್ಕೆ ಉಗ್ರಾಣ ಅಂತಲೇ ಹೆಸರಿಟ್ಟೆವು. ಮದುವೆ ಮನೆಯ ಉಗ್ರಾಣದಲ್ಲಿ ಏನು ಬಂತು, ಏನು ಹೋಯಿತು ಅನ್ನುವ ಲೆಕ್ಕ ಇರುತ್ತದೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಅಡಿಗೆಯವರಿಗೂ ಗೊತ್ತಿರುತ್ತದೆ. ಡ್ರೈವ್‌ನಲ್ಲಿ ಫೋಲ್ಡರ್ ಹಂಚಿಕೊಂಡು ಕೈತೊಳೆದುಕೊಂಡರೆ ಅದು ಅಟ್ಟ ಆಗುತ್ತದೆ: ಎಲ್ಲಾ ಇರುತ್ತದೆ, ಬೇಕಾದಾಗ ಏನೂ ಸಿಗಲ್ಲ.

ಒಂದು ಸೂಚನೆ. ಕಮಾಂಡ್, ಕಡತದ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಚಿಕ್ಕಕ್ಷರ ಬಳಸಿ. ಮೇಕ್‌ಫೈಲ್ ಒಳಗಿನ ವೇರಿಯಬಲ್ ಹೆಸರುಗಳು, ಮೆಟಾ ಜೇಸನ್ ಕಡತದ ಹೆಸರಿನಲ್ಲಿ ಮೆಟಾ ಅನ್ನುವ ಭಾಗ ಮಾತ್ರ ದೊಡ್ಡಕ್ಷರ.

ಹಂತ 1: ಇರುವುದನ್ನೆಲ್ಲ ಮೇಜಿನ ಮೇಲೆ ಹಾಕಿ

ಮೊದಲೇ ರೆಪೊ (ಗಿಟ್‌ನಲ್ಲಿ ಕೋಡ್ ಇಡುವ ಜಾಗ) ತೆರೆಯಬೇಡಿ. ಒಂದು ಭಾನುವಾರ ಎಲ್ಲರೂ ಒಂದು ಕಡೆ ಕೂತು ತಮ್ಮ ತಮ್ಮ ಫಂಕ್ಷನ್‌ಗಳನ್ನು ತೋರಿಸಲಿ. ಅವನ್ನು ಎರಡು ಗುಂಪು ಮಾಡಿ. ಯಾರಿಗಾದರೂ ಉಪಯೋಗ ಆಗುವುದು ಒಂದು ಗುಂಪು: ಎಕರೆ-ಗುಂಟೆ, ಕನ್ನಡ ಅಂಕಿ, ಊರ ಹೆಸರು. ಒಂದೇ ಆಫೀಸಿನ ನಿಯಮ ಇರುವುದು ಇನ್ನೊಂದು ಗುಂಪು: ಯಾವುದೋ ಮಂಡಿಯ ಕಮಿಷನ್ ಲೆಕ್ಕ, 15 ಕೆಜಿ ಟೊಮೆಟೊ ಬಾಕ್ಸಿಗೆ ಇಷ್ಟು ಅಂತ ಹಿಡಿಯುವ ಕೂಲಿ. ಎರಡನೆಯ ಗುಂಪು ಉಗ್ರಾಣಕ್ಕೆ ಬೇಡ. ಅದು ಆ ಆಫೀಸಿನಲ್ಲೇ ಇರಲಿ.

ಅದೇ ದಿನ ಯಾರ ಹತ್ತಿರ ಯಾವ ಆವೃತ್ತಿ ಇದೆ ಅಂತಲೂ ಕೇಳಿ ಬರೆದುಕೊಳ್ಳಿ. ಪೋಸ್ಟ್‌ಗ್ರೆಸ್‌ನ ದೊಡ್ಡ ಆವೃತ್ತಿ ವರ್ಷಕ್ಕೊಂದು ಬರುತ್ತದೆ, ಪ್ರತಿಯೊಂದಕ್ಕೂ 5 ವರ್ಷ ಬೆಂಬಲ. ನಾವು 14ಕ್ಕಿಂತ ಕೆಳಗೆ ನೋಡುವುದಿಲ್ಲ ಅಂತ ತೀರ್ಮಾನಿಸಿದೆವು. ಅದಕ್ಕೆ 2026ರ ನವೆಂಬರ್‌ವರೆಗೆ ಬೆಂಬಲ ಇದೆ. ಇದರಿಂದ ಒಬ್ಬಿಬ್ಬರಿಗೆ ಬೇಜಾರಾಯಿತು, ಇರಲಿ.

ಹಂತ 2: ಒಂದು ಎಕ್ಸ್‌ಟೆನ್ಶನ್ ಪೂರ್ತಿ ಮಾಡಿ ಮುಗಿಸಿ

ಹತ್ತನ್ನು ಒಟ್ಟಿಗೆ ಶುರುಮಾಡಬೇಡಿ. ಒಂದನ್ನು ಅಚ್ಚುಕಟ್ಟಾಗಿ ಮಾಡಿದರೆ ಉಳಿದವರಿಗೆ ಅದೇ ಮಾದರಿ. ನಮ್ಮ ಮೊದಲನೆಯದು ಎಕರೆಗುಂಟೆ.

ಒಂದು ಎಕ್ಸ್‌ಟೆನ್ಶನ್‌ಗೆ ಬೇಕಾದ್ದು ಮೂರೇ ಕಡತ. ಮೊದಲನೆಯದು ಕಂಟ್ರೋಲ್ ಫೈಲ್. ಇದರಲ್ಲಿ ಒಂದು ಸಾಲಿನ ವಿವರಣೆ, ಡೀಫಾಲ್ಟ್ ಆವೃತ್ತಿ, ರಿಲೊಕೇಟಬಲ್ (ಆಮೇಲೆ ಬೇರೆ ಸ್ಕೀಮಾಕ್ಕೆ ಸರಿಸಬಹುದಾದದ್ದು) ಹೌದೋ ಅಲ್ಲವೋ ಅನ್ನುವ ಸಾಲುಗಳು ಇರುತ್ತವೆ. ಸ್ಕ್ರಿಪ್ಟ್‌ನಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇದ್ದರೂ ಎನ್‌ಕೋಡಿಂಗ್ ಯುಟಿಎಫ್8 ಅನ್ನುವ ಸಾಲನ್ನೂ ಸೇರಿಸಿ. ಇದನ್ನು ಸುಮಾರು ಜನ ಮರೆಯುತ್ತಾರೆ, ಯಾಕಂದರೆ ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಅದರ ಅಗತ್ಯವೇ ಬರುವುದಿಲ್ಲ.

ಎರಡನೆಯದು ಎಸ್‌ಕ್ಯೂಎಲ್ ಸ್ಕ್ರಿಪ್ಟ್. ಹೆಸರಿನ ಕ್ರಮ ಹೀಗೆ: ಎಕ್ಸ್‌ಟೆನ್ಶನ್ ಹೆಸರು, ಎರಡು ಅಡ್ಡಗೆರೆ, ಆವೃತ್ತಿ. ಅಂದರೆ ಎಕರೆಗುಂಟೆ--1.0.0.ಎಸ್‌ಕ್ಯೂಎಲ್. ಅಡ್ಡಗೆರೆ ಒಂದೇ ಹಾಕಿದರೆ ಪೋಸ್ಟ್‌ಗ್ರೆಸ್‌ಗೆ ಅದು ಕಾಣುವುದೇ ಇಲ್ಲ. ನಾನು ಇದಕ್ಕೇ ಒಂದು ಸಂಜೆ ಕಳೆದಿದ್ದೇನೆ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಕ್‌ಸ್ಲ್ಯಾಶ್ ಎಕೋ ಹಾಕಿ "ಇದನ್ನು ನೇರವಾಗಿ ಓಡಿಸಬೇಡಿ, ಕ್ರಿಯೇಟ್ ಎಕ್ಸ್‌ಟೆನ್ಶನ್ ಬಳಸಿ" ಅಂತ ಬರೆಯಿರಿ. ಅದೇ ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಕ್ವಿಟ್ ಇರಲಿ. ಪಿಎಸ್‌ಕ್ಯೂಎಲ್‌ನಲ್ಲಿ (ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಪ್ರೋಗ್ರಾಂ) ಯಾರಾದರೂ ಅದನ್ನು ಹಾಗೇ ಓಡಿಸಲು ಹೋದರೆ ಅಲ್ಲೇ ನಿಲ್ಲುತ್ತದೆ.

ಮೂರನೆಯದು ಮೇಕ್‌ಫೈಲ್. ಎಕ್ಸ್‌ಟೆನ್ಶನ್ ಹೆಸರು, ಡೇಟಾ ಕಡತಗಳು, ಪರೀಕ್ಷೆಗಳ ಹೆಸರು, ಕೊನೆಗೆ ಪಿಜಿಎಕ್ಸ್‌ಎಸ್ ಅನ್ನು (ಎಕ್ಸ್‌ಟೆನ್ಶನ್ ಕಟ್ಟಲು ಪೋಸ್ಟ್‌ಗ್ರೆಸ್ ಜೊತೆಗೇ ಬರುವ ವ್ಯವಸ್ಥೆ) ಕರೆಯುವ ಮೂರು ಸಾಲು. ಆ ಮೂರು ಸಾಲು ಎಲ್ಲಾ ಎಕ್ಸ್‌ಟೆನ್ಶನ್‌ಗಳಲ್ಲೂ ಒಂದೇ, ನಕಲು ಮಾಡಿಕೊಳ್ಳಿ.

ಈಗ ಒಳಗಿನ ತಿರುಳು. ನಾವು ವಿಸ್ತೀರ್ಣವನ್ನು ಪೂರ್ಣಾಂಕದ ಆಣೆಯಲ್ಲಿ ಇಡುತ್ತೇವೆ. ಎಕರೆಗೆ 640 ಆಣೆ. 1.25 ಅಂದರೆ 65 ಗುಂಟೆ, 1040 ಆಣೆ. ಎರಡು ಸೇರಿದರೆ 2080. ಅದರಲ್ಲಿ 1920 ತೆಗೆದರೆ 3 ಎಕರೆ, ಉಳಿದ 160 ಆಣೆಗೆ 10 ಗುಂಟೆ. ತೋರಿಸುವಾಗ ಮಾತ್ರ ಮತ್ತೆ ಎಕರೆ-ಗುಂಟೆಗೆ ತಿರುಗಿಸುತ್ತೇವೆ.

ಒಳಗೆ ಬರುವುದು ಕಡ್ಡಾಯವಾಗಿ ಪಠ್ಯ, ಸಂಖ್ಯೆ ಅಲ್ಲ. ಯಾಕೆ? ಎಕ್ಸೆಲ್‌ನಲ್ಲಿ 1.30 ಅಂತ ಹೊಡೆದು ನೋಡಿ. 1.3 ಆಗುತ್ತದೆ. ಒಂದು ಎಕರೆ ಮೂವತ್ತು ಗುಂಟೆ ಇದ್ದದ್ದು ಒಂದು ಎಕರೆ ಮೂರು ಗುಂಟೆ ಆಯಿತು, 27 ಗುಂಟೆ ಗಾಳಿಗೆ ಹೋಯಿತು. ಅದಕ್ಕೇ ಗುಂಟೆ ಯಾವಾಗಲೂ ಎರಡು ಅಂಕಿ ಇರಬೇಕು. ಬರೀ 1.3 ಬಂದರೆ ಫಂಕ್ಷನ್ ಊಹೆ ಮಾಡುವುದಿಲ್ಲ, ತಪ್ಪು ಅಂತ ನಿಲ್ಲಿಸುತ್ತದೆ. 1.45 ಬಂದರೂ ಅಷ್ಟೇ.

ಇನ್ನೊಂದು ತಮಾಷೆ ಕನ್ನಡ ಅಂಕಿಯದು. ಸೊನ್ನೆ ೦, ಅನುಸ್ವಾರ ಂ. ನೋಡಲು ಅವಳಿ ಜವಳಿ. ಡೇಟಾ ಎಂಟ್ರಿ ಮಾಡುವ ಹುಡುಗರು ಸೊನ್ನೆ ಸಿಗದಿದ್ದರೆ ಅನುಸ್ವಾರ ಒತ್ತಿಬಿಡುತ್ತಾರೆ. ಯೂನಿಕೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತ, ಕಂಪ್ಯೂಟರ್‌ಗೆ ಅವು ಸಂಬಂಧವೇ ಇಲ್ಲದ ಎರಡು ಅಕ್ಷರ. ಇದನ್ನು ಸುಮ್ಮನೆ ಸೊನ್ನೆ ಮಾಡಿಬಿಡೋಣ ಅಂತ ಒಬ್ಬರು ವಾದಿಸಿದರು. ನಾನು ಒಪ್ಪಲಿಲ್ಲ. ಜಮೀನಿನ ಲೆಕ್ಕದಲ್ಲಿ ಊಹೆ ಬೇಡ. "ಸೊನ್ನೆಯ ಜಾಗದಲ್ಲಿ ಅನುಸ್ವಾರ ಇದೆ" ಅಂತ ಕನ್ನಡದಲ್ಲೇ ಎರರ್ ಬರುವ ಹಾಗೆ ಮಾಡಿದೆವು.

ಸಿ ಭಾಷೆ ಬೇಕಾ? ಶುರುವಿನಲ್ಲಿ ಬೇಡವೇ ಬೇಡ. ಎಸ್‌ಕ್ಯೂಎಲ್ ಮತ್ತು ಪಿಎಲ್‌ಪಿಜಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನದೇ ಫಂಕ್ಷನ್ ಬರೆಯುವ ಭಾಷೆ) ಸಾಕು. ಸಿ ಆದರೆ ಪ್ರತಿ ದೊಡ್ಡ ಆವೃತ್ತಿಗೂ, ಪ್ರತಿ ಆಪರೇಟಿಂಗ್ ಸಿಸ್ಟಮ್‌ಗೂ ಬೇರೆ ಬೇರೆ ಕಂಪೈಲ್ ಮಾಡಬೇಕು. ಅದರಲ್ಲಿ ತಪ್ಪಾದರೆ ಸರ್ವರೇ ಮಲಗುತ್ತದೆ. ಬರೀ ಎಸ್‌ಕ್ಯೂಎಲ್ ಆದರೆ ಎರಡು ಕಡತ ನಕಲು ಮಾಡಿದರೆ ಮುಗಿಯಿತು.

ಹಂತ 3: ಪರೀಕ್ಷೆ ಇಲ್ಲದೆ ಒಳಗೆ ಬಿಡಬೇಡಿ

ಪೋಸ್ಟ್‌ಗ್ರೆಸ್‌ನ ಪರೀಕ್ಷಾ ವಿಧಾನ ತುಂಬಾ ಸರಳ. ಎಸ್‌ಕ್ಯೂಎಲ್ ಅನ್ನುವ ಫೋಲ್ಡರ್‌ನಲ್ಲಿ ಪ್ರಶ್ನೆ, ಎಕ್ಸ್‌ಪೆಕ್ಟೆಡ್ ಅನ್ನುವ ಫೋಲ್ಡರ್‌ನಲ್ಲಿ ಉತ್ತರ. ಮೇಕ್ ಇನ್‌ಸ್ಟಾಲ್‌ಚೆಕ್ ಅಂದರೆ ಅದು ಹೊಸ ಡೇಟಾಬೇಸ್ ಮಾಡಿ, ಪ್ರಶ್ನೆ ಓಡಿಸಿ, ಬಂದದ್ದನ್ನು ಉತ್ತರದ ಜೊತೆ ಹೋಲಿಸುತ್ತದೆ. ವ್ಯತ್ಯಾಸ ಇದ್ದರೆ ರಿಗ್ರೆಶನ್ ಡಿಫ್ಸ್ ಅನ್ನುವ ಕಡತದಲ್ಲಿ ಬರೆದಿಡುತ್ತದೆ.

ಇಲ್ಲಿ ಒಂದು ಕೆಟ್ಟ ಅಭ್ಯಾಸ ಬೆಳೆಯುತ್ತದೆ. ಫಂಕ್ಷನ್ ಕೊಟ್ಟ ಉತ್ತರವನ್ನೇ ನೋಡದೆ ಎಕ್ಸ್‌ಪೆಕ್ಟೆಡ್ ಫೋಲ್ಡರ್‌ಗೆ ನಕಲು ಮಾಡುವುದು. ಆಗ ತಪ್ಪು ಉತ್ತರವೇ ಸರಿ ಉತ್ತರ ಆಗಿ ಕೂರುತ್ತದೆ. ಉತ್ತರವನ್ನು ಕಾಗದದ ಮೇಲೆ ಲೆಕ್ಕ ಹಾಕಿ ಟೈಪ್ ಮಾಡಿ. ಎಕರೆಗುಂಟೆಗೆ ನಾವು ಹಾಕಿದ ಪ್ರಶ್ನೆಗಳು: 1.25 ಮತ್ತು 1.25, 0.39 ಮತ್ತು 0.01, 1.40, 1.3, ಖಾಲಿ ಪಠ್ಯ, ಕನ್ನಡ ಅಂಕಿ, ಅನುಸ್ವಾರ ಹೊಕ್ಕ ಅಂಕಿ. ಒಂದು ಗಂಟೆ ಹಿಡಿಯಿತು.

ಪರೀಕ್ಷೆಗೆ ನಿಜವಾದ ಪಹಣಿಯ ಹೆಸರು, ಸರ್ವೆ ನಂಬರ್, ಫೋನ್ ನಂಬರ್ ಹಾಕಬೇಡಿ. "ಸುಮ್ನೆ ಟೆಸ್ಟ್‌ಗೆ" ಅಂತ ಹಾಕಿದ್ದು ಗಿಟ್ ಇತಿಹಾಸದಲ್ಲಿ ಕೂತುಬಿಡುತ್ತದೆ. ಆಮೇಲೆ ಕಡತ ಅಳಿಸಿದರೂ ಹೋಗಲ್ಲ.

ಹಂತ 4: ರೆಪೊ, ಮತ್ತು ಪ್ರತಿ ಎಕ್ಸ್‌ಟೆನ್ಶನ್‌ಗೆ ಒಂದು ಚೀಟಿ

ಒಂದೇ ರೆಪೊ ಮಾಡಿ, ಎಕ್ಸ್‌ಟೆನ್ಶನ್‌ಗೊಂದು ಫೋಲ್ಡರ್ ಕೊಡಿ. ಪ್ರತಿಯೊಂದಕ್ಕೂ ಬೇರೆ ರೆಪೊ ಇರಬೇಕು ಅನ್ನುವವರೂ ಇದ್ದಾರೆ. ಇಪ್ಪತ್ತು ಜನ ಆದಮೇಲೆ ಅದು ಸರಿ ಇರಬಹುದು. ನಾಲ್ಕೈದು ಜನಕ್ಕೆ ಹತ್ತು ರೆಪೊ ಅಂದರೆ ಹತ್ತು ಬೀಗ, ಅಷ್ಟೇ.

ಹೆಸರಿನ ಬಗ್ಗೆ ಜಗಳ ಆಗುತ್ತದೆ, ಆಗಲಿ. ನಮ್ಮ ನಿಯಮ: ಊರ ಹೆಸರು, ಆಫೀಸ್ ಹೆಸರು, ಬರೆದವರ ಹೆಸರು ಬೇಡ. ಏನು ಮಾಡುತ್ತದೋ ಅದೇ ಹೆಸರು. ಗುಂಟೆ ಲೆಕ್ಕ ತುಮಕೂರಿನಲ್ಲೂ ಒಂದೇ, ಚಿಕ್ಕಬಳ್ಳಾಪುರದಲ್ಲೂ ಒಂದೇ ಅಲ್ವಾ?

ಪ್ರತಿ ಫೋಲ್ಡರ್‌ನಲ್ಲೂ ಮೆಟಾ ಜೇಸನ್ ಅನ್ನುವ ಚೀಟಿ ಇರಲಿ. ಇದನ್ನು ನಾವೇ ಕಂಡುಹಿಡಿಯಬೇಕಾಗಿಲ್ಲ. ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಶನ್‌ಗಳಿಗೆ ಜಗತ್ತಿನ ಮಟ್ಟದಲ್ಲಿ ಪಿಜಿಎಕ್ಸ್‌ಎನ್ ಅನ್ನುವ ಭಂಡಾರ ಇದೆ, ಡೇವಿಡ್ ವೀಲರ್ ಶುರುಮಾಡಿದ್ದು. ಅಲ್ಲಿ ಏಳು ವಿಷಯ ಕಡ್ಡಾಯ: ಹೆಸರು, ಆವೃತ್ತಿ, ಒಂದು ಸಾಲಿನ ಸಾರ, ನೋಡಿಕೊಳ್ಳುವವರು, ಲೈಸೆನ್ಸ್, ಒಳಗೆ ಯಾವ ಯಾವ ಎಕ್ಸ್‌ಟೆನ್ಶನ್ ಇದೆ, ಚೀಟಿಯ ನಮೂನೆ ಯಾವುದು. ನೀವೂ ಇದೇ ಏಳನ್ನು ಬಳಸಿ. ನಾಳೆ ಅಲ್ಲಿಗೆ ಕಳಿಸಬೇಕು ಅನ್ನಿಸಿದರೆ ಮತ್ತೆ ಬರೆಯುವ ಕಷ್ಟ ಇರುವುದಿಲ್ಲ. ಅಲ್ಲಿ ಆವೃತ್ತಿಗೆ ಮೂರು ಅಂಕೆ ಬೇಕು, ಅದಕ್ಕೇ ನಾವು ಮೊದಲಿಂದ 1.0.0 ಅಂತ ಬರೆಯುತ್ತಿರುವುದು.

ಲೈಸೆನ್ಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಪೋಸ್ಟ್‌ಗ್ರೆಸ್‌ನದೇ ಲೈಸೆನ್ಸ್ ಹಾಕಿ. ತಲೆ ಕೆಡಿಸಿಕೊಳ್ಳಬೇಕಾದ್ದು ಬೇರೆ ಇದೆ. ಸಂಬಳಕ್ಕೆ ಬರೆದ ಕೋಡ್ ಆದರೆ ಅದು ನಿಮ್ಮದಾ, ಆಫೀಸಿನದಾ? ಯಜಮಾನರ ಹತ್ತಿರ ಎರಡು ಸಾಲು ಒಪ್ಪಿಗೆ ಬರೆಸಿಕೊಂಡೇ ಒಳಗೆ ಹಾಕಿ. ಬಾಯಿ ಮಾತಿನ ಒಪ್ಪಿಗೆ ಯಜಮಾನರು ಬದಲಾದ ದಿನ ಮರೆತುಹೋಗುತ್ತದೆ.

ಹಂತ 5: ಬಾಗಿಲಲ್ಲಿ ಒಬ್ಬರು ಕೂರಬೇಕು

ಎಕ್ಸ್‌ಟೆನ್ಶನ್ ಸ್ಕ್ರಿಪ್ಟ್ ಸಾಮಾನ್ಯವಾಗಿ ಸೂಪರ್‌ಯೂಸರ್ ಅಧಿಕಾರದಲ್ಲಿ ಓಡುತ್ತದೆ. ಅಂದರೆ ನಿಮ್ಮ ಉಗ್ರಾಣದಿಂದ ಒಬ್ಬರು ಏನನ್ನಾದರೂ ಹಾಕಿಕೊಂಡರೆ ಮನೆಯ ಎಲ್ಲಾ ಕೋಣೆಯ ಬೀಗದ ಕೈಯನ್ನೂ ನಿಮಗೆ ಕೊಟ್ಟ ಹಾಗೆ. ಆದ್ದರಿಂದ ಬರೆದವರನ್ನು ಬಿಟ್ಟು ಇನ್ನೊಬ್ಬರು ಪ್ರತಿ ಸಾಲನ್ನೂ ಓದಬೇಕು. ಇದರಲ್ಲಿ ರಾಜಿ ಬೇಡ.

ಓದುವವರು ಮುಖ್ಯವಾಗಿ ಹುಡುಕಬೇಕಾದ್ದು: ಸೆಕ್ಯುರಿಟಿ ಡಿಫೈನರ್ ಫಂಕ್ಷನ್ (ಕರೆದವರ ಬದಲು ಮಾಲೀಕರ ಅಧಿಕಾರದಲ್ಲಿ ಓಡುವುದು) ಇದೆಯಾ, ಕಡತ ಓದುವ ಅಥವಾ ಹೊರಗಿನ ಪ್ರೋಗ್ರಾಂ ಓಡಿಸುವ ಸಾಲು ಇದೆಯಾ, ಸ್ಕ್ರಿಪ್ಟ್‌ನಲ್ಲಿ "ಕ್ರಿಯೇಟ್ ಆರ್ ರಿಪ್ಲೇಸ್" ಇದೆಯಾ. ಕೊನೆಯದು ನೋಡಲು ಸಾಧು. ಆದರೆ ಅದೇ ಹೆಸರಿನ ಫಂಕ್ಷನ್ ಅನ್ನು ಬೇರೊಬ್ಬ ಯೂಸರ್ ಮೊದಲೇ ಮಾಡಿಟ್ಟಿದ್ದರೆ, ಎಕ್ಸ್‌ಟೆನ್ಶನ್ ಒಳಗಿನ ಫಂಕ್ಷನ್‌ಗೆ ಅವನೇ ಮಾಲೀಕ ಆಗಿ ಉಳಿಯುತ್ತಿದ್ದ. 2022ರ ಆಗಸ್ಟ್‌ನಲ್ಲಿ ಪೋಸ್ಟ್‌ಗ್ರೆಸ್ ಈ ದಾರಿ ಮುಚ್ಚಿತು. ಹಳೆ ಆವೃತ್ತಿ ಅಪ್‌ಡೇಟ್ ಮಾಡದವರು ಇನ್ನೂ ಇದ್ದಾರೆ, ಹಾಗಾಗಿ ನಾವು ಬರೀ "ಕ್ರಿಯೇಟ್" ಮಾತ್ರ ಬಿಡುತ್ತೇವೆ.

ಹಂತ 6: ಆವೃತ್ತಿ ಬದಲಾವಣೆ, ಮತ್ತು ನಾನು ಕಲಿತ ಎರಡು ಪಾಠ

ನಿಯಮ ಒಂದೇ. ಒಮ್ಮೆ ಹೊರಗೆ ಹೋದ ಸ್ಕ್ರಿಪ್ಟ್ ಅನ್ನು ಮುಟ್ಟಬೇಡಿ. ತಪ್ಪಿದ್ದರೆ ಹೊಸ ಆವೃತ್ತಿ, ಜೊತೆಗೆ ದಾಟುವ ಸ್ಕ್ರಿಪ್ಟ್: ಎಕರೆಗುಂಟೆ--1.0.0--1.1.0.ಎಸ್‌ಕ್ಯೂಎಲ್. ಬಳಸುವವರು ಆಲ್ಟರ್ ಎಕ್ಸ್‌ಟೆನ್ಶನ್ ಅಪ್‌ಡೇಟ್ ಅಂದರೆ ಸಾಕು. ಮಧ್ಯೆ ಮೂರು ಆವೃತ್ತಿ ಬಿಟ್ಟಿದ್ದರೂ ಪೋಸ್ಟ್‌ಗ್ರೆಸ್ ಒಂದಾದ ಮೇಲೊಂದು ಸ್ಕ್ರಿಪ್ಟ್ ಹಿಡಿದು ದಾರಿ ಹುಡುಕಿಕೊಳ್ಳುತ್ತದೆ.

ಮೊದಲ ಪಾಠ ಊರ ಹೆಸರಿನದು. ಕೋಲಾರ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಇದನ್ನು ಯೂನಿಕೋಡ್‌ನಲ್ಲಿ 5 ಸಂಕೇತದಲ್ಲಿ ಬರೆಯಬಹುದು, 7 ಸಂಕೇತದಲ್ಲೂ ಬರೆಯಬಹುದು. "ಕೋ" ಒಳಗಿನ ಓಕಾರವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಅಥವಾ ಎತ್ವ, ಕೊಂಬಿನ ದೀರ್ಘ, ಕೊನೆಗೊಂದು ದೀರ್ಘ ಅಂತ ಮೂರು ತುಂಡಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಡೇಟಾಬೇಸ್‌ಗೆ ಎರಡು ಬೇರೆ ಊರು. ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಸ್ ಫಂಕ್ಷನ್ ಇದನ್ನು ಸರಿಮಾಡುತ್ತದೆ. ಅದರ ಮೇಲೆ ನಾವು ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳನ್ನು ತೆಗೆಯುವುದನ್ನೂ ಸೇರಿಸಿ ಊರಹೆಸರು ಎಕ್ಸ್‌ಟೆನ್ಶನ್ ಮಾಡಿದೆವು. ಮುಳಬಾಗಿಲು, ಮುಳಬಾಗಲು ಎರಡನ್ನೂ ಒಂದು ಮಾಡುವ ನಿಯಮ 1.1.0ರಲ್ಲಿ ಬಂತು.

ಬಂದ ದಿನವೇ ಫೋನ್. "ಸರ್, ಅಪ್‌ಡೇಟ್ ಮಾಡಿದಮೇಲೆ ಹಳೇ ಸದಸ್ಯರು ಹುಡುಕಿದರೆ ಸಿಗ್ತಾ ಇಲ್ಲ." ಕಾರಣ ಇಷ್ಟೇ: ಅವರು ಈ ಫಂಕ್ಷನ್ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಉತ್ತರಗಳನ್ನು ಮೊದಲೇ ಬರೆದಿಡುವ ಪಟ್ಟಿ) ಕಟ್ಟಿದ್ದರು. ಫಂಕ್ಷನ್ ಅನ್ನು ನಾವು ಇಮ್ಯೂಟಬಲ್ ಅಂತ ಘೋಷಿಸಿದ್ದೆವು, ಅಂದರೆ ಒಂದೇ ಪ್ರಶ್ನೆಗೆ ಎಂದೆಂದೂ ಒಂದೇ ಉತ್ತರ ಅಂತ ಮಾತು ಕೊಟ್ಟಿದ್ದೆವು. ಮಾತು ಮುರಿದದ್ದು ನಾವು. ಇಂಡೆಕ್ಸ್‌ನಲ್ಲಿ ಹಳೇ ಉತ್ತರವೇ ಉಳಿದಿತ್ತು. ರೀಇಂಡೆಕ್ಸ್ ಮಾಡಿಸಿದೆವು, ಅಂದರೆ ಆ ಪಟ್ಟಿಯನ್ನು ಹೊಸದಾಗಿ ಕಟ್ಟಿಸಿದೆವು, ಸರಿಹೋಯಿತು. ಈಗ ಉತ್ತರ ಬದಲಾಗುವ ಆವೃತ್ತಿ ಆದರೆ ಮೊದಲ ಅಂಕೆಯನ್ನೇ ಏರಿಸುತ್ತೇವೆ. "ರೀಇಂಡೆಕ್ಸ್ ಮಾಡಿ" ಅಂತ ಓದುಗರ ಕಡತದ (ರೀಡ್‌ಮಿ) ಮೊದಲ ಸಾಲಿನಲ್ಲೇ ಬರೆಯುತ್ತೇವೆ.

ಎರಡನೆಯದು ಇನ್ನೂ ಕೆಟ್ಟದು, ತಪ್ಪು ಪೂರ್ತಿ ನನ್ನದು. ಒಂದು ಹಾಲಿನ ಡೇರಿಗೆ ಹಾಲುದರ ಅನ್ನುವ ಎಕ್ಸ್‌ಟೆನ್ಶನ್ ಮಾಡಿದ್ದೆ. ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ) ನೋಡಿ ಲೀಟರ್‌ಗೆ ಎಷ್ಟು ಅಂತ ಹೇಳುವುದು ಅದರ ಕೆಲಸ. ದರದ ಟೇಬಲ್ ಎಕ್ಸ್‌ಟೆನ್ಶನ್ ಒಳಗೇ ಇತ್ತು. ಮೊದಲ ದರಗಳನ್ನು ಸ್ಕ್ರಿಪ್ಟ್‌ನಲ್ಲೇ ತುಂಬಿದ್ದೆ. ಆಮೇಲೆ ದರ ಬದಲಾದಾಗಲೆಲ್ಲ ಸೆಕ್ರೆಟರಿ ಟೇಬಲ್‌ನಲ್ಲಿ ತಿದ್ದಿಕೊಳ್ಳುತ್ತಿದ್ದರು. ಒಂದು ದಿನ ಡಿಸ್ಕ್ ಕೆಟ್ಟಿತು. ಬ್ಯಾಕಪ್ ಇತ್ತು, ಹೊಸ ಮೆಷಿನ್‌ಗೆ ಹಾಕಿದೆವು, ಎಲ್ಲಾ ಸರಾಗ. ಎರಡು ದಿನ ಬೆಳಿಗ್ಗೆ ಸಂಜೆ ಬಿಲ್ ಹೋಯಿತು. ಹಳೇ ದರದಲ್ಲಿ.

ಬ್ಯಾಕಪ್ ತೆಗೆಯುವ ಪಿಜಿ ಡಂಪ್, ಎಕ್ಸ್‌ಟೆನ್ಶನ್‌ಗೆ ಸೇರಿದ ಟೇಬಲ್‌ನ ಡೇಟಾ ತೆಗೆದುಕೊಳ್ಳುವುದಿಲ್ಲ. "ಕ್ರಿಯೇಟ್ ಎಕ್ಸ್‌ಟೆನ್ಶನ್" ಅನ್ನುವ ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ವಾಪಸ್ ಹಾಕುವಾಗ ಸ್ಕ್ರಿಪ್ಟ್ ಮತ್ತೆ ಓಡಿ ನನ್ನ ಮೊದಲ ದರಗಳನ್ನೇ ತುಂಬಿತ್ತು. ಟೇಬಲ್ ಖಾಲಿ ಇದ್ದಿದ್ದರೆ ಮೊದಲ ಬಿಲ್‌ನಲ್ಲೇ ಗೊತ್ತಾಗುತ್ತಿತ್ತು.

ಪರಿಹಾರ: ಬಳಸುವವರು ತುಂಬುವ ಟೇಬಲ್ ಇದ್ದರೆ ಸ್ಕ್ರಿಪ್ಟ್ ಒಳಗೇ ಪಿಜಿ ಎಕ್ಸ್‌ಟೆನ್ಶನ್ ಕಾನ್ಫಿಗ್ ಡಂಪ್ ಫಂಕ್ಷನ್ ಕರೆದು ಆ ಟೇಬಲ್ ಹೆಸರು ಕೊಡಿ. ಆಗ ಡೇಟಾ ಬ್ಯಾಕಪ್‌ಗೆ ಸೇರುತ್ತದೆ. ಅದರಲ್ಲಿ ಸೀಕ್ವೆನ್ಸ್ (ತಾನಾಗೇ ಕ್ರಮಸಂಖ್ಯೆ ಕೊಡುವುದು) ಇದ್ದರೆ ಅದನ್ನೂ ಬೇರೆಯಾಗಿ ಹೇಳಬೇಕು. ಸ್ಕ್ರಿಪ್ಟ್‌ನಲ್ಲಿ ಮಾತ್ರ ಸಾಲುಗಳನ್ನು ತುಂಬಲೇಬೇಡಿ, ವಾಪಸ್ ಹಾಕುವಾಗ ಎರಡೂ ಡಿಕ್ಕಿ ಹೊಡೆಯುತ್ತವೆ. ನಮ್ಮ ಉಗ್ರಾಣದಲ್ಲಿ ಈಗ ಟೇಬಲ್ ಇರುವ ಎಕ್ಸ್‌ಟೆನ್ಶನ್‌ಗೆ ಒಂದು ಹೆಚ್ಚಿನ ಪರೀಕ್ಷೆ ಇದೆ. ಒಂದು ಸಾಲು ಸೇರಿಸಿ, ಒಂದು ಸಾಲು ತಿದ್ದಿ, ಡಂಪ್ ಮಾಡಿ, ಹೊಸ ಡೇಟಾಬೇಸ್‌ಗೆ ಹಾಕಿ, ಎರಡೂ ಇವೆಯಾ ನೋಡಬೇಕು.

ಹಂತ 7: ಕಟ್ಟಿ ಕೊಡುವುದು

ಯಾರಾದರೂ ಕೋಡ್ ಕಳಿಸಿದ ಕೂಡಲೇ ಬೆಂಬಲ ಇರುವ ಎಲ್ಲಾ ಆವೃತ್ತಿಗಳ ಮೇಲೂ ಪರೀಕ್ಷೆ ತಾನಾಗೇ ಓಡಬೇಕು. ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಪೋಸ್ಟ್‌ಗ್ರೆಸ್‌ನ ಡಾಕರ್ ಇಮೇಜ್‌ಗಳು (ಹಾಗೇ ಓಡಿಸಬಹುದಾದ ಸಿದ್ಧ ಪೊಟ್ಟಣಗಳು) ಆವೃತ್ತಿವಾರು ಸಿಗುತ್ತವೆ. ಒಮ್ಮೆ ಬರೆದಿಟ್ಟರೆ ಮತ್ತೆ ಮತ್ತೆ ನೋಡಬೇಕಾಗಿಲ್ಲ.

ಪಾಸಾದದ್ದನ್ನು ಜಿಪ್ ಮಾಡಿ, ಪಕ್ಕದಲ್ಲಿ ಅದರ ಶಾ-256 ಮೊತ್ತ ಇಡಿ. ಸೊಸೈಟಿ, ಡೇರಿಗಳ ಎಷ್ಟೋ ಮೆಷಿನ್‌ಗಳಿಗೆ ಇಂಟರ್‌ನೆಟ್ ಇರುವುದಿಲ್ಲ. ಪೆನ್‌ಡ್ರೈವ್‌ನಲ್ಲೇ ಹೋಗಬೇಕು. ದಾರಿಯಲ್ಲಿ ಕಡತ ಕೆಟ್ಟಿದೆಯಾ ಅಂತ ಆ ಮೊತ್ತ ಹೇಳುತ್ತದೆ. ವಿಂಡೋಸ್‌ನಲ್ಲಿ ಮೇಕ್ ಸುಲಭಕ್ಕೆ ಸಿಗಲ್ಲ, ಚಿಂತೆ ಬೇಡ: ಕಂಟ್ರೋಲ್ ಫೈಲ್ ಮತ್ತು ಎಸ್‌ಕ್ಯೂಎಲ್ ಕಡತಗಳನ್ನು ಪೋಸ್ಟ್‌ಗ್ರೆಸ್ ಫೋಲ್ಡರ್‌ನ ಶೇರ್, ಅದರೊಳಗಿನ ಎಕ್ಸ್‌ಟೆನ್ಶನ್ ಫೋಲ್ಡರ್‌ಗೆ ನಕಲು ಮಾಡಿದರೆ ಆಯಿತು. 2025ರಲ್ಲಿ ಬಂದ 18ನೇ ಆವೃತ್ತಿಯಲ್ಲಿ ಕಂಟ್ರೋಲ್ ಫೈಲ್ ಅನ್ನು ಬೇರೆ ಕಡೆ ಇಟ್ಟು ದಾರಿ ತೋರಿಸಲೂಬಹುದು.

ಹಂತ 8: ಬೀಗದ ಕೈ

ಪ್ರತಿ ಎಕ್ಸ್‌ಟೆನ್ಶನ್‌ಗೂ ಇಬ್ಬರು ನೋಡಿಕೊಳ್ಳುವವರು ಇರಲಿ. ಒಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದರೂ ಇನ್ನೊಬ್ಬರು ಇರುತ್ತಾರೆ. ಎರಡನೆಯವರು ಸಿಗದ ಎಕ್ಸ್‌ಟೆನ್ಶನ್ ಅನ್ನು ನಾವು "ಪ್ರಯೋಗ" ಅನ್ನುವ ಬೇರೆ ಫೋಲ್ಡರ್‌ನಲ್ಲಿ ಇಡುತ್ತೇವೆ. ಯಾರೂ ನೋಡದೆ ಬಿಟ್ಟದ್ದನ್ನು "ನಿವೃತ್ತ" ಅನ್ನುವ ಫೋಲ್ಡರ್‌ಗೆ ಸರಿಸುತ್ತೇವೆ, ಅಳಿಸುವುದಿಲ್ಲ. ಎಲ್ಲೋ ಒಂದು ಮೆಷಿನ್ ಅದನ್ನೇ ನಂಬಿಕೊಂಡಿರಬಹುದು.

ಹಂತ 9: ಬಾಯಿ ಮುಚ್ಚಿಕೊಂಡು ನೋಡಿ

ಎಲ್ಲಾ ಸಿದ್ಧ ಅನ್ನಿಸಿದಮೇಲೆ ಇದನ್ನು ಎಂದೂ ನೋಡದ ಒಬ್ಬರನ್ನು ಕರೆಯಿರಿ. ಜಿಪ್ ಕೊಡಿ, ಪಕ್ಕದಲ್ಲಿ ಕೂರಿ, ಮಾತಾಡಬೇಡಿ. ನಾವು ಬಂಗಾರಪೇಟೆಯ ಒಬ್ಬ ಕಾಲೇಜು ಹುಡುಗಿಯನ್ನು ಕರೆದಿದ್ದೆವು. ಅವಳು ಕಡತ ನಕಲು ಮಾಡಿದಳು, ಕ್ರಿಯೇಟ್ ಎಕ್ಸ್‌ಟೆನ್ಶನ್ ಅಂದಳು, ಕಡತ ಸಿಗಲಿಲ್ಲ ಅಂತ ಎರರ್ ಬಂತು. ನನಗೆ ಬಾಯಿ ತುರಿಸುತ್ತಿತ್ತು. ಹತ್ತು ನಿಮಿಷ ಆದಮೇಲೆ ಅವಳೇ ಕಂಡುಹಿಡಿದಳು: ಆ ಮೆಷಿನ್‌ನಲ್ಲಿ ಎರಡು ಪೋಸ್ಟ್‌ಗ್ರೆಸ್ ಇದ್ದವು, 14 ಮತ್ತು 16. ಕಡತ ಹೋದದ್ದು ಒಂದಕ್ಕೆ, ಓಡುತ್ತಿದ್ದದ್ದು ಇನ್ನೊಂದು. "ಅಣ್ಣಾ, ಪಿಜಿ ಕಾನ್ಫಿಗ್ ಶೇರ್‌ಡಿರ್ ಅಂತ ಮೊದಲು ಕೇಳಿ ನೋಡಿ ಅಂತ ನೀವು ಬರೆದೇ ಇಲ್ವಲ್ಲ" ಅಂದಳು. ಕಡತ ಯಾವ ಫೋಲ್ಡರ್‌ಗೆ ಹೋಗಬೇಕು ಅಂತ ತೋರಿಸುವ ಆ ಸಾಲನ್ನು ಅವಳ ಕೈಯಿಂದಲೇ ಓದುಗರ ಕಡತಕ್ಕೆ ಸೇರಿಸಿಸಿದೆವು. ಈಗ ಎಕರೆಗುಂಟೆಯ ಎರಡನೇ ಬೀಗದ ಕೈ ಅವಳ ಹತ್ತಿರ ಇದೆ.